ಯೆಹೂದಿ ವಂಶಾವಳಿ ಶೋಧನೆಯಲ್ಲಿ ಡಿಎನ್‌ಎ ಪರೀಕ್ಷೆ

ಯೆಹೂದಿ ಕುಟುಂಬಗಳ ಮೂಲ, ವಲಸೆ, ನೆಂಟಸ್ತಿಕೆಗಳನ್ನು ತಿಳಿಯಲು ಡಿಎನ್‌ಎ ಪರೀಕ್ಷೆಯನ್ನು ಬಳಸುವ ಕ್ರಮ. ವಿಜ್ಞಾನಿಗಳ ನಡುವೆ ಇದು ಬೆಳಕಿಗೆ ಬಂದದ್ದು 1997ರಲ್ಲಿ. ಸಾಮಾನ್ಯ ಜನ ಹಣ ಕೊಟ್ಟು ಮಾಡಿಸಿಕೊಳ್ಳುವ ಪರೀಕ್ಷೆಯಾದದ್ದು 2000ದಿಂದ ಈಚೆಗೆ. ಕಾಗದಪತ್ರಗಳು ಸುಟ್ಟುಹೋದ ಮನೆತನಗಳಿಗೆ ಇದು ದೊಡ್ಡ ಆಸರೆಯಾಗಿದೆ. ಆದರೆ ಯೆಹೂದಿಗಳ ವಿಷಯದಲ್ಲಿ ಇದರ ಫಲಿತಾಂಶವನ್ನು ಓದುವುದು ಉಳಿದ ಬಹುತೇಕ ಜನರಿಗಿಂತ ಕಷ್ಟ.

ಹಿನ್ನೆಲೆ

ಪೂರ್ವ ಯುರೋಪಿನ ಯೆಹೂದಿಗಳಲ್ಲಿ ಹೆಚ್ಚಿನವರಿಗೆ ಹದಿನೆಂಟನೆಯ ಶತಮಾನದ ಕೊನೆಯವರೆಗೂ ಮನೆತನದ ಹೆಸರು ಇರಲಿಲ್ಲ. ಇಂಥವರ ಮಗ ಇಂಥವನು ಎಂದರೆ ಸಾಕಾಗಿತ್ತು. ತೆರಿಗೆ ಮತ್ತು ಸೈನ್ಯದ ಲೆಕ್ಕಕ್ಕಾಗಿ ಆಸ್ಟ್ರಿಯದ ಎರಡನೆಯ ಜೋಸೆಫ್ ಚಕ್ರವರ್ತಿ 1787ರಲ್ಲಿ ಕುಲನಾಮವನ್ನು ಕಡ್ಡಾಯ ಮಾಡಿದ. ರಷ್ಯಾ 1804ರಲ್ಲಿ, ಪ್ರಷ್ಯಾ 1812ರಲ್ಲಿ ಅದೇ ದಾರಿ ಹಿಡಿದವು. ಒಂದೇ ಅಜ್ಜನ ಮೊಮ್ಮಕ್ಕಳು ಬೇರೆ ಬೇರೆ ಊರುಗಳಲ್ಲಿ ಬೇರೆ ಬೇರೆ ಕುಲನಾಮ ಪಡೆದದ್ದೂ ಉಂಟು. ಇದರ ಜೊತೆಗೆ, ತೀರಿಕೊಂಡ ಹಿರಿಯರ ಹೆಸರನ್ನು ಮಕ್ಕಳಿಗೆ ಇಡುವುದು ಅಶ್ಕೆನಾಜಿಗಳ, ಅಂದರೆ ಮಧ್ಯ ಮತ್ತು ಪೂರ್ವ ಯುರೋಪಿನ ಯೆಹೂದಿಗಳ ರೂಢಿ. ಹಾಗಾಗಿ ಒಬ್ಬ ಅಜ್ಜನ ಹೆಸರನ್ನೇ ಹೊತ್ತ ನಾಲ್ಕಾರು ದಾಯಾದಿಗಳು ಒಂದೇ ದಾಖಲೆ ಪುಸ್ತಕದಲ್ಲಿ ಎದುರಾಗುತ್ತಾರೆ. ಊರುಗಳೂ ಹೆಸರು ಬದಲಿಸಿದವು. ಆಸ್ಟ್ರಿಯದವರ ಲೆಂಬರ್ಗ್, ಪೋಲೆಂಡಿನವರ ಲ್ವುವ್, ಸೋವಿಯತ್ ಕಾಲದ ಲ್ವೋವ್, ಇಂದಿನ ಉಕ್ರೇನಿನ ಲ್ವಿವ್ ಎಲ್ಲವೂ ಒಂದೇ ಊರು.

ಇದೆಲ್ಲದರ ಮೇಲೆ ನಾಜಿಗಳ ನರಮೇಧ ಬಂತು. ಸುಮಾರು 60 ಲಕ್ಷ ಯೆಹೂದಿಗಳ ಕೊಲೆಯೊಂದಿಗೆ ಅವರ ಊರುಗಳ ನೆನಪನ್ನು ಹೊತ್ತಿದ್ದ ಜನರೂ ಇಲ್ಲವಾದರು. ದಾಖಲೆಗಳನ್ನು ಹೊಂದಿಸಲು 1987ರಲ್ಲಿ ಹುಟ್ಟಿದ ಜ್ಯೂಯಿಷ್‌ಜೆನ್‌ನಂಥ ಸಂಸ್ಥೆಗಳು ಅಪಾರ ದುಡಿದಿವೆ. ಆದರೂ ಕಾಗದ ಮುಗಿದುಹೋಗುವ ಜಾಗ ಪ್ರತಿ ಮನೆತನಕ್ಕೂ ಒಂದಿದೆ.

ರಕ್ತದಿಂದ ಸಮುದಾಯಗಳ ಚರಿತ್ರೆಯನ್ನು ಓದುವ ಯತ್ನ ಡಿಎನ್‌ಎಗಿಂತ ಹಳೆಯದು. ಮೊದಲನೆಯ ಮಹಾಯುದ್ಧದಲ್ಲಿ ಸಲೋನಿಕಾ ರಣರಂಗದಲ್ಲಿದ್ದ ಲುಡ್ವಿಕ್ ಮತ್ತು ಹಾಂಕಾ ಹಿರ್ಶ್‌ಫೆಲ್ಡ್ ದಂಪತಿ ಸೈನಿಕರ ಮತ್ತು ನಿರಾಶ್ರಿತರ ರಕ್ತಗುಂಪುಗಳನ್ನು ಎಣಿಸಿ 1919ರಲ್ಲಿ ಪ್ರಕಟಿಸಿದರು. ಯೆಹೂದಿ ಮೂಲದ ಇದೇ ಲುಡ್ವಿಕ್ ಮುಂದೆ ವಾರ್ಸಾ ಘೆಟ್ಟೋದಲ್ಲಿ ದಿನ ದೂಡಬೇಕಾಯಿತು. ಒಂದು ಸಂಗತಿಯನ್ನು ಇಲ್ಲಿ ಒತ್ತಿ ಹೇಳಬೇಕು. ಜನಾಂಗದ ಶುದ್ಧಿಯ ಬಗ್ಗೆ ಅಷ್ಟೆಲ್ಲ ಅರಚಿದ ನಾಜಿಗಳ 1935ರ ನ್ಯೂರೆಂಬರ್ಗ್ ಕಾನೂನುಗಳಿಗೆ ಯೆಹೂದಿಯನ್ನು ಗುರುತಿಸುವ ಯಾವ ರಕ್ತಪರೀಕ್ಷೆಯೂ ಸಿಗಲಿಲ್ಲ. ಅಜ್ಜ ಅಜ್ಜಿಯರಲ್ಲಿ ಎಷ್ಟು ಮಂದಿ ಯೆಹೂದಿ ಧರ್ಮಸಭೆಗೆ ಸೇರಿದ್ದರೆಂದು ನೋಡಿಯೇ ಅವು ಮನುಷ್ಯರನ್ನು ವಿಂಗಡಿಸಿದವು. ಈ ಕ್ಷೇತ್ರದ ಪ್ರತಿ ಸಂಶೋಧನೆಯೂ ಆ ನೆನಪಿನ ನೆರಳಿನಲ್ಲೇ ನಡೆದಿದೆ.

ಪುರೋಹಿತರ ವರ್ಣತಂತು

ಮೂತ್ರಪಿಂಡ ತಜ್ಞ ಕಾರ್ಲ್ ಸ್ಕೊರೆಕ್ಕಿ ಸ್ವತಃ ಕೊಹೆನ್, ಅಂದರೆ ಬೈಬಲ್ಲಿನ ಮೊದಲ ಮಹಾಪುರೋಹಿತ ಆರೋನನ ಸಂತತಿಯೆಂದು ಹೇಳಿಕೊಳ್ಳುವ ಪುರೋಹಿತ ಮನೆತನದವರು. ಒಂದು ದಿನ ಸಿನಗಾಗ್‌ನಲ್ಲಿ ಧರ್ಮಗ್ರಂಥವಾದ ಟೋರಾ ಓದಲು ಮೊದಲ ಕರೆ ಬಂದದ್ದು ಸೆಫಾರ್ಡಿ, ಅಂದರೆ ಸ್ಪೇನ್ ಮೂಲದ, ಕೊಹೆನ್ ಒಬ್ಬರಿಗೆ. ಆತನ ಮೈಬಣ್ಣ, ಮುಖಚಹರೆ ತನ್ನದಕ್ಕಿಂತ ತೀರ ಬೇರೆ. ಇಬ್ಬರೂ ನಿಜಕ್ಕೂ ಒಬ್ಬನೇ ಮೂಲಪುರುಷನ ಗಂಡು ಸಂತಾನವಾಗಿದ್ದರೆ, ತಂದೆಯಿಂದ ಮಗನಿಗೆ ಮಾತ್ರ ದಾಟುವ ವೈ ವರ್ಣತಂತುವಿನಲ್ಲಿ ಅದರ ಗುರುತು ಇರಬೇಕಲ್ಲವೇ ಎಂದು ಸ್ಕೊರೆಕ್ಕಿ ಯೋಚಿಸಿದರು. ಅರಿಜೋನಾ ವಿಶ್ವವಿದ್ಯಾಲಯದ ಮೈಕೆಲ್ ಹ್ಯಾಮರ್ ಜೊತೆಗೂಡಿದರು. 1997ರ ಜನವರಿಯಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅವರ ಕಿರು ಲೇಖನ, ಕೊಹೆನ್‌ಗಳ ವೈ ವರ್ಣತಂತು ಉಳಿದ ಯೆಹೂದಿಗಳದ್ದಕ್ಕಿಂತ ಎದ್ದುಕಾಣುವಷ್ಟು ಬೇರೆಯಾಗಿದೆ ಎಂದು ತೋರಿಸಿತು. ಮರುವರ್ಷ ಲಂಡನ್ನಿನ ಮಾರ್ಕ್ ಥಾಮಸ್, ಡೇವಿಡ್ ಗೋಲ್ಡ್‌ಸ್ಟೈನ್ ಮೊದಲಾದವರೊಂದಿಗೆ ನಡೆದ ಅಧ್ಯಯನ ಆರು ಗುರುತುಗಳ ಒಂದು ಮಾದರಿಯನ್ನು ಬೇರ್ಪಡಿಸಿ ಅದಕ್ಕೆ ಕೊಹೆನ್ ಮಾದರಿ ಎಂದು ಹೆಸರಿಟ್ಟಿತು. ಅಶ್ಕೆನಾಜಿ ಮತ್ತು ಸೆಫಾರ್ಡಿ ಕೊಹೆನ್‌ಗಳಿಬ್ಬರಲ್ಲೂ ಅರ್ಧದ ಆಸುಪಾಸಿನಷ್ಟು ಮಂದಿ ಅದನ್ನು ಹೊಂದಿದ್ದರು.

ಪತ್ರಿಕೆಗಳು ಇದನ್ನು ಆರೋನನ ವಂಶವಾಹಿ ಎಂದು ಕೊಂಡಾಡಿದವು. ಅದು ಅತಿಯಾಯಿತು. ಆ ಆರು ಗುರುತುಗಳ ಮಾದರಿ ಯೆಹೂದಿಗಳಲ್ಲದ ಪಶ್ಚಿಮ ಏಷ್ಯಾದ ಗಂಡಸರಲ್ಲೂ ಸಾಕಷ್ಟಿದೆ ಎಂದು ಬೇಗನೆ ತಿಳಿಯಿತು. ಹೆಚ್ಚು ಗುರುತುಗಳನ್ನು ಬಳಸಿದ 2009ರ ಅಧ್ಯಯನ ಚಿತ್ರವನ್ನು ಸರಿಪಡಿಸಿತು: ಕೊಹೆನ್‌ಗಳಲ್ಲಿ ಶೇ 46ರಷ್ಟು ಮಂದಿ ಒಂದೇ ಪ್ರಾಚೀನ ಶಾಖೆಗೆ ಸೇರಿದವರು, ಉಳಿದವರ ಮೂಲಪುರುಷರು ಬೇರೆ. ಒಂದು ಬಾಯ್ಮಾತಿನ ಪರಂಪರೆ ಸಾವಿರಾರು ವರ್ಷ, ಖಂಡಾಂತರಗಳನ್ನು ದಾಟಿಯೂ ಇಷ್ಟರ ಮಟ್ಟಿಗೆ ಉಳಿದದ್ದು ವಿಸ್ಮಯವೇ ಸರಿ. ಅದನ್ನು ಮೆಚ್ಚಲು ಉತ್ಪ್ರೇಕ್ಷೆಯ ಅಗತ್ಯವಿಲ್ಲ. ವಂಶ ಹುಡುಕುವವರಿಗೆ ಇದರ ಉಪಯೋಗ ನೇರವಾದದ್ದು. ಅಜ್ಜನ ಗೋರಿಕಲ್ಲಿನ ಮೇಲೆ ಆಶೀರ್ವದಿಸುವ ಎರಡು ಕೈಗಳ ಕೆತ್ತನೆ ಇದ್ದರೆ ಅವನು ಕೊಹೆನ್. ನೀರಿನ ಹೂಜಿ ಇದ್ದರೆ ಲೇವಿ, ಅಂದರೆ ಪುರೋಹಿತರಿಗೆ ನೆರವಾಗುವ ಕುಲದವನು. ಗಂಡು ಸಂತತಿಯ ಮೊಮ್ಮಗನ ವೈ ಪರೀಕ್ಷೆಯನ್ನು ಆ ಕಲ್ಲಿನ ಜೊತೆಗಿಟ್ಟು ಓದಬಹುದು.

ಲೇವಿಗಳ ಕತೆ ಇನ್ನೊಂದು ಪಾಠ ಕಲಿಸಿತು. ಅಶ್ಕೆನಾಜಿ ಲೇವಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪೂರ್ವ ಯುರೋಪಿನಲ್ಲಿ ಹೇರಳವಾಗಿರುವ ಆರ್1ಎ ಎಂಬ ವೈ ವರ್ಣತಂತು ಗುಂಪಿನವರೆಂದು 2003ರಲ್ಲಿ ಗೊತ್ತಾದಾಗ, ಯಾರೋ ಯುರೋಪಿಯನ್ ಒಳಸೇರಿರಬೇಕೆಂಬ ಊಹೆ ಹುಟ್ಟಿತು. 2013ರಲ್ಲಿ ಇನ್ನೂ ಸೂಕ್ಷ್ಮವಾಗಿ ನೋಡಿದಾಗ ಆ ಶಾಖೆಯ ಹತ್ತಿರದ ಬಂಧುಗಳು ಸಿಕ್ಕಿದ್ದು ಪಶ್ಚಿಮ ಏಷ್ಯಾದಲ್ಲಿ. ಅಶ್ಕೆನಾಜಿಗಳು ಮಧ್ಯಯುಗದಲ್ಲಿ ಯೆಹೂದಿ ಧರ್ಮಕ್ಕೆ ಮತಾಂತರಗೊಂಡ ಖಾಜಾರರೆಂಬ ತುರ್ಕಿ ಜನರ ಸಂತತಿ ಎಂಬ ವಾದವನ್ನೂ ಅದೇ ವರ್ಷದ ವಿಸ್ತಾರವಾದ ಅಧ್ಯಯನ ತಳ್ಳಿಹಾಕಿತು.

ತಾಯಿಯ ಕಡೆ

ಯೆಹೂದಿ ಧರ್ಮಶಾಸ್ತ್ರದಲ್ಲಿ ಯೆಹೂದಿತನ ಬರುವುದು ತಾಯಿಯಿಂದ. ತಾಯಿಯಿಂದಲೇ ಬರುವ ಮೈಟೊಕಾಂಡ್ರಿಯ ಡಿಎನ್‌ಎ ಬಗ್ಗೆ ಕುತೂಹಲ ಹೆಚ್ಚಿದ್ದು ಸಹಜ. ಇಂದಿನ ಅಶ್ಕೆನಾಜಿಗಳಲ್ಲಿ ಶೇ 40ರಷ್ಟು ಮಂದಿ ಕೇವಲ ನಾಲ್ವರು ಮೂಲಮಾತೆಯರ ಸಂತತಿ ಎಂದು ಡೊರಾನ್ ಬೆಹಾರ್ ಮತ್ತು ಸಂಗಡಿಗರು 2006ರಲ್ಲಿ ಕಂಡುಕೊಂಡರು. ಆ ನಾಲ್ವರು ಪಶ್ಚಿಮ ಏಷ್ಯಾದವರೆಂದು ಅವರ ನಿಲುವು. ಯುರೋಪಿನವರೇ ಎಂದು ಮಾರ್ಟಿನ್ ರಿಚರ್ಡ್ಸ್ ತಂಡ 2013ರಲ್ಲಿ ವಾದಿಸಿತು. ಚರ್ಚೆ ಮುಗಿದಿಲ್ಲ. ಮನೆತನದ ಶೋಧನೆಗೆ ಮಾತ್ರ ಈ ಪರೀಕ್ಷೆಯ ನೆರವು ಕಡಿಮೆ. ಸಾವಿರಾರು ಮಂದಿಗೆ ಒಂದೇ ಉತ್ತರ ಬಂದರೆ ಯಾರು ಹತ್ತಿರದವರೆಂದು ಹೇಗೆ ಹೇಳುವುದು?

ಪ್ರಯೋಗಾಲಯದಿಂದ ಮನೆಗೆ

ವಂಶಾವಳಿಗಾಗಿ ಡಿಎನ್‌ಎ ಪರೀಕ್ಷೆ ಮಾರುವ ಉದ್ಯಮದ ಬೇರೇ ಒಂದು ಯೆಹೂದಿ ಕುಟುಂಬದ ಹುಡುಕಾಟದಲ್ಲಿದೆ. ಅಮೆರಿಕದ ಹ್ಯೂಸ್ಟನ್ನಿನ ಬೆನೆಟ್ ಗ್ರೀನ್‌ಸ್ಪ್ಯಾನ್ ತಮ್ಮ ತಾಯಿಯ ತವರಿನ ವಂಶವನ್ನು ಹುಡುಕುತ್ತಿದ್ದರು. ಅದೇ ಕುಲನಾಮದ ಒಬ್ಬರು ಅರ್ಜೆಂಟೀನಾದಲ್ಲಿದ್ದರೂ ನಂಟು ತೋರಿಸುವ ಕಾಗದ ಇರಲಿಲ್ಲ. ಕೊಹೆನ್ ಅಧ್ಯಯನದ ಸುದ್ದಿ ನೆನಪಿದ್ದ ಗ್ರೀನ್‌ಸ್ಪ್ಯಾನ್ ನೇರವಾಗಿ ಹ್ಯಾಮರ್ ಅವರನ್ನೇ ಕೇಳಿದರು. ಖಾಸಗಿಯವರಿಗೆ ಪರೀಕ್ಷೆ ಮಾಡಿಕೊಡುವ ವ್ಯವಸ್ಥೆಯೇ ಇಲ್ಲವೆಂದು ತಿಳಿದಾಗ, 2000ದಲ್ಲಿ ತಾವೇ ಫ್ಯಾಮಿಲಿಟ್ರೀಡಿಎನ್‌ಎ ಕಂಪನಿ ಕಟ್ಟಿದರು. 23ಆಂಡ್‌ಮಿ 2007ರಲ್ಲಿ, ಆನ್ಸೆಸ್ಟ್ರಿಡಿಎನ್‌ಎ 2012ರಲ್ಲಿ, ಇಸ್ರೇಲಿನ ಮೈಹೆರಿಟೇಜ್ 2016ರಲ್ಲಿ ಪರೀಕ್ಷೆಯ ಮಾರುಕಟ್ಟೆಗೆ ಬಂದವು. ಬೇರೆ ಬೇರೆ ಕಂಪನಿಗಳ ಫಲಿತಾಂಶಗಳನ್ನು ಹೋಲಿಸಲು 2010ರಿಂದ ಜೆಡ್‌ಮ್ಯಾಚ್ ದೊರೆಯಿತು. ವೈ ವರ್ಣತಂತು, ತಾಯಿಯ ಎಳೆ ಎರಡನ್ನೂ ಬದಿಗೆ ಸರಿಸಿ, ಎಲ್ಲ ಪೂರ್ವಜರಿಂದಲೂ ಬರುವ ಉಳಿದ ವರ್ಣತಂತುಗಳ ಪರೀಕ್ಷೆ ಮುನ್ನೆಲೆಗೆ ಬಂತು.

ಎಲ್ಲರೂ ನೆಂಟರೇ ಎಂಬ ತೊಡಕು

ಇಬ್ಬರು ಹಂಚಿಕೊಂಡ ಡಿಎನ್‌ಎಯನ್ನು ಅಳೆಯುವುದು ಸೆಂಟಿಮಾರ್ಗನ್ ಎಂಬ ಮಾನದಲ್ಲಿ. ಒಟ್ಟು ಮೊತ್ತ ಹೆಚ್ಚಿದಷ್ಟೂ ನಂಟು ಹತ್ತಿರ ಎಂಬುದು ಸಾಮಾನ್ಯ ಸೂತ್ರ. ಅಶ್ಕೆನಾಜಿಗಳಲ್ಲಿ ಈ ಸೂತ್ರ ಕೈಕೊಡುತ್ತದೆ. 128 ಮಂದಿಯ ಪೂರ್ಣ ಜೀನೋಮ್ ಓದಿದ ಶಾಯ್ ಕಾರ್ಮಿ ಮತ್ತಿತರರ 2014ರ ಅಧ್ಯಯನದ ಪ್ರಕಾರ, ಇಂದಿನ ಎಲ್ಲ ಅಶ್ಕೆನಾಜಿಗಳೂ 25ರಿಂದ 32 ತಲೆಮಾರುಗಳ ಹಿಂದೆ ಇದ್ದ ಸುಮಾರು 350 ಜನರಷ್ಟು ಚಿಕ್ಕ ಗುಂಪಿನಿಂದ ಬೆಳೆದವರು. ಆಮೇಲೆ ಶತಮಾನಗಟ್ಟಲೆ ಮದುವೆಗಳು ಒಳಗೊಳಗೇ ನಡೆದವು. ಅಕ್ಕನ ಮಗಳನ್ನು ತಂದುಕೊಳ್ಳುವ ರೂಢಿಯಿರುವ ನಮ್ಮ ಮನೆಗಳಲ್ಲಿ ಮಕ್ಕಳಿಗೆ ತಾಯಿಯ ತಾಯಿಯೇ ಸೋದರತ್ತೆಯೂ ಆಗುವಂತೆ, ಅಲ್ಲಿಯೂ ಇಬ್ಬರ ನಡುವೆ ಒಂದಲ್ಲ, ಹತ್ತಾರು ದೂರದ ನಂಟುಗಳು ಹೆಣೆದುಕೊಂಡಿವೆ. ಎಲ್ಲವೂ ಸೇರಿ ಮೊತ್ತ ದೊಡ್ಡದಾಗಿ ಕಾಣುತ್ತದೆ. ಸಂಬಂಧವೇ ಗೊತ್ತಿಲ್ಲದ ಇಬ್ಬರು ಅಶ್ಕೆನಾಜಿಗಳನ್ನು ಕಂಪನಿಯ ಪಟ್ಟಿ ನಾಲ್ಕನೆಯ ಅಥವಾ ಐದನೆಯ ಹಂತದ ದಾಯಾದಿಗಳೆಂದು ತೋರಿಸುವುದು ತೀರ ಸಾಮಾನ್ಯ.

ಪಟ್ಟಿಯನ್ನು ಓದುವ ಬಗೆಯನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಒಬ್ಬರಿಗೆ ಇಬ್ಬರು ಹೊಸ ನೆಂಟರು ಸಿಕ್ಕಿದ್ದಾರೆ ಎನ್ನೋಣ. ಇಬ್ಬರ ಜೊತೆಗೂ ಹಂಚಿಕೆ 90 ಸೆಂಟಿಮಾರ್ಗನ್. ಮೊದಲನೆಯವರಲ್ಲಿ ಅದು ಹನ್ನೆರಡು ಚೂರುಗಳಾಗಿ ಹರಡಿದೆ, ಅತಿ ಉದ್ದದ ಚೂರು 11. ಎರಡನೆಯವರಲ್ಲಿ ಮೂರೇ ತುಂಡು, ಅದರಲ್ಲಿ ಒಂದು 45. ತಲೆಮಾರು ಕಳೆದಂತೆ ವರ್ಣತಂತುಗಳು ತುಂಡಾಗುತ್ತ ಹೋಗುತ್ತವೆ; ಉದ್ದನೆಯ ತುಂಡು ಉಳಿದಿದೆ ಎಂದರೆ ಸಮಾನ ಪೂರ್ವಜ ಹತ್ತಿರದಲ್ಲಿದ್ದಾನೆ ಎಂದರ್ಥ. ಮುತ್ತಜ್ಜನ ತಂದೆತಾಯಿ ಇಬ್ಬರಿಗೂ ಒಬ್ಬರೇ ಎಂಬಂಥ ನಂಟು ಎರಡನೆಯವರ ಜೊತೆ ಇರಬಹುದು. ಮೊದಲನೆಯವರದು ಬಹುಮಟ್ಟಿಗೆ ಮಧ್ಯಯುಗದ ಪಳೆಯುಳಿಕೆ. ಪತ್ರ ಬರೆಯಬೇಕಾದದ್ದು ಎರಡನೆಯವರಿಗೆ. ಅನುಭವಿಗಳು ಮೊತ್ತಕ್ಕಿಂತ ಮೊದಲು ಅತಿ ಉದ್ದದ ತುಂಡನ್ನೇ ನೋಡುತ್ತಾರೆ.

ಇದೇ ಒಳಮದುವೆಯ ಇನ್ನೊಂದು ಫಲವೆಂದರೆ ಅಶ್ಕೆನಾಜಿ ಮೂಲವನ್ನು ಕಂಪನಿಗಳು ಬಹಳ ಖಚಿತವಾಗಿ ಗುರುತಿಸಬಲ್ಲವು. ದತ್ತು ಹೋದವರಿಗೆ ತಮ್ಮ ಹೆತ್ತವರಲ್ಲಿ ಒಬ್ಬರು ಯೆಹೂದಿ ಎಂದು ತಿಳಿದದ್ದು ಹೀಗೆಯೇ. ಸೆಫಾರ್ಡಿಗಳ ವಿಷಯದಲ್ಲಿ ಅಷ್ಟು ಖಚಿತತೆ ಇಲ್ಲ. 1492ರಲ್ಲಿ ಸ್ಪೇನಿನಿಂದ ಹೊರದೂಡಲ್ಪಟ್ಟ ಅವರು ಮೆಡಿಟರೇನಿಯನ್ ಸುತ್ತ ಚದುರಿ ಅಲ್ಲಿನವರೊಡನೆ ಬೆರೆತರು. ಮತಾಂತರಗೊಂಡು ಉಳಿದವರ ಸಂತತಿ ಹೊಸ ಜಗತ್ತಿಗೂ ಹೋಯಿತು ಎಂಬುದಕ್ಕೆ ಒಂದು ಸುಳಿವಿದೆ. ಸ್ತನ ಮತ್ತು ಅಂಡಾಶಯ ಕ್ಯಾನ್ಸರಿನ ಅಪಾಯ ಹೆಚ್ಚಿಸುವ, ಯೆಹೂದಿಗಳಲ್ಲಿ ಹೆಚ್ಚಾಗಿ ಕಾಣುವ ಬಿಆರ್‌ಸಿಎ1 ವಂಶವಾಹಿಯ ಒಂದು ದೋಷ ಅಮೆರಿಕದ ಕೊಲರಾಡೊದ ಸ್ಯಾನ್ ಲೂಯಿ ಕಣಿವೆಯ ಸ್ಪ್ಯಾನಿಷ್ ಮೂಲದ ಕ್ಯಾಥೊಲಿಕ್ ಕುಟುಂಬಗಳಲ್ಲಿ ಸಿಕ್ಕಿತು.

ಗೋರಿಗಳ ಸಾಕ್ಷ್ಯ

ಯೆಹೂದಿ ಧರ್ಮ ಸಮಾಧಿಯನ್ನು ಕೆದಕಲು ಒಪ್ಪುವುದಿಲ್ಲ. ಹಾಗಾಗಿ ಪ್ರಾಚೀನ ಡಿಎನ್‌ಎ ಸಿಕ್ಕಿದ್ದು ಅನ್ಯ ಕಾರಣಕ್ಕೆ ಅಗೆದಾಗ. ಇಂಗ್ಲೆಂಡಿನ ನಾರ್ವಿಚ್‌ನಲ್ಲಿ 2004ರಲ್ಲಿ ಅಂಗಡಿ ಸಂಕೀರ್ಣ ಕಟ್ಟುವಾಗ ಹಳೆಯ ಬಾವಿಯಲ್ಲಿ 17 ಜನರ ಮೂಳೆಗಳು ದೊರೆತವು. ಅವರಲ್ಲಿ ಆರು ಮಂದಿಯ ಜೀನೋಮ್ ಓದಿದ 2022ರ ಅಧ್ಯಯನ, ಅವರು 1190ರ ಯೆಹೂದಿ ಹತ್ಯಾಕಾಂಡಕ್ಕೆ ಬಲಿಯಾದವರಿರಬೇಕೆಂದು ಹೇಳಿತು. ಅವರಲ್ಲಿ ಮೂವರು ಒಡಹುಟ್ಟಿದ ಅಕ್ಕತಂಗಿಯರು. 2022ರಲ್ಲೇ ಜರ್ಮನಿಯ ಎರ್ಫರ್ಟ್‌ನ ಹದಿನಾಲ್ಕನೆಯ ಶತಮಾನದ ಯೆಹೂದಿ ಸ್ಮಶಾನದ 33 ಮಂದಿಯ ಫಲಿತಾಂಶ ಹೊರಬಂತು. ಅವರಲ್ಲಿ ಮೂರನೇ ಒಂದು ಭಾಗ ಒಬ್ಬಳೇ ಮೂಲಮಾತೆಯ ಸಂತತಿ. ಆಗಲೇ ಸಮುದಾಯದಲ್ಲಿ ಎರಡು ಬೇರೆ ಗುಂಪುಗಳಿದ್ದವು.

ಭಾರತದ ಯೆಹೂದಿಗಳು

ಕೊಂಕಣದ ಬೆನೆ ಇಸ್ರೇಲರು ತಮ್ಮ ಹಿರಿಯರು ಅಲಿಬಾಗ್ ಬಳಿಯ ನವಗಾಂವ್ ತೀರದಲ್ಲಿ ಹಡಗೊಡೆದು ಬದುಕುಳಿದ ಏಳು ದಂಪತಿಗಳೆಂದು ನಂಬುತ್ತಾರೆ. ಗಾಣದ ವೃತ್ತಿಯ ಈ ಜನ ಶನಿವಾರ ಕೆಲಸ ಮಾಡದ ಕಾರಣ ಶನಿವಾರ ತೇಲಿ ಎನಿಸಿಕೊಂಡಿದ್ದರು. 2016ರ ಅಧ್ಯಯನ ಅವರಲ್ಲಿ ಯೆಹೂದಿ ಮತ್ತು ಭಾರತೀಯ ಮೂಲಗಳೆರಡನ್ನೂ ಕಂಡಿತು. ಯೆಹೂದಿ ಪಾಲು ಹೆಚ್ಚಾಗಿ ಗಂಡಸರಿಂದ, ಭಾರತೀಯ ಪಾಲು ಹೆಚ್ಚಾಗಿ ಹೆಂಗಸರಿಂದ ಬಂದಿದ್ದು, ಬೆರಕೆ ನಡೆದದ್ದು ಸುಮಾರು 650ರಿಂದ 1,050 ವರ್ಷಗಳ ಹಿಂದೆ. ಬೆನೆ ಇಸ್ರೇಲರಿಗೆ ಸಂಬಂಧಿಸದಿದ್ದರೂ, ಇಂಥ ಮನೆಯೊಂದರ ಕಾಗದದ ದಾಖಲೆ ಕರಾವಳಿ ಕರ್ನಾಟಕದಿಂದಲೇ ಉಳಿದಿದೆ. ಟ್ಯುನೀಸಿಯದ ಮೆಹ್ದಿಯಾ ಊರಿನ ವರ್ತಕ ಅಬ್ರಹಾಂ ಬೆನ್ ಯಿಜು 1132ರಲ್ಲಿ ಮಂಗಳೂರಿನಲ್ಲಿ ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರ ಕೈರೋದ ಗೆನಿಜಾ ಎಂಬ ಹಳೆಯ ಕಾಗದಗಳ ಭಂಡಾರದಲ್ಲಿ ಸಿಕ್ಕಿದೆ. ಅವನ ಮಕ್ಕಳ ತಾಯಿ ಅವಳೇ ಎಂಬುದು ವಿದ್ವಾಂಸರ ಅಭಿಪ್ರಾಯ.

ಕಾನೂನು, ಗೋಪ್ಯತೆ, ಮಿತಿ

ಇಸ್ರೇಲಿನ 2000ದ ಕಾಯಿದೆಯಂತೆ ತಂದೆ ಮಕ್ಕಳ ನಂಟಿನ ಪರೀಕ್ಷೆಗೆ ನ್ಯಾಯಾಲಯದ ಅಪ್ಪಣೆ ಬೇಕು. ವ್ಯಭಿಚಾರದಿಂದ ಹುಟ್ಟಿದ ಮಗುವೆಂದು ಸಾಬೀತಾದರೆ ಧರ್ಮಶಾಸ್ತ್ರದ ಪ್ರಕಾರ ಆ ಮಗುವಿಗೆ ಸಮುದಾಯದೊಳಗೆ ಮದುವೆಯೇ ಕಷ್ಟ. ಇಂಥ ಭಯ ಕಾಯಿದೆಯ ಹಿಂದಿದೆ. ಹಳೆಯ ಸೋವಿಯತ್ ಒಕ್ಕೂಟದಿಂದ ಬಂದವರ ಯೆಹೂದಿತನ ನಿರ್ಧರಿಸಲು ರಬ್ಬಿಗಳ ನ್ಯಾಯಾಲಯಗಳು ಡಿಎನ್‌ಎ ಕೇಳುತ್ತಿವೆ ಎಂಬ ಸುದ್ದಿ 2019ರಲ್ಲಿ ದೊಡ್ಡ ವಿವಾದವಾಯಿತು. ವಿವಾದವಾದದ್ದು ನ್ಯಾಯವೇ. ಮತಾಂತರಗೊಂಡು ಬಂದವಳೂ ಪೂರ್ಣ ಯೆಹೂದಿಯೇ ಆಗಿರುವ ಧರ್ಮದಲ್ಲಿ ಜೊಲ್ಲಿನ ಕೊಳವೆ ತೀರ್ಪು ಕೊಡಲಾಗದು. 2023ರಲ್ಲಿ 23ಆಂಡ್‌ಮಿ ಕಂಪನಿಯ ಸುಮಾರು 69 ಲಕ್ಷ ಗ್ರಾಹಕರ ಮಾಹಿತಿ ಕಳುವಾಗಿ, ಅಶ್ಕೆನಾಜಿ ಮೂಲದವರ ಹೆಸರುಪಟ್ಟಿ ಮಾರಾಟಕ್ಕೆ ಬಂತು. ಯೆಹೂದಿಗಳ ಪಟ್ಟಿ ತಯಾರಾಗುವುದೆಂದರೇನು ಎಂದು ಈ ಜನಕ್ಕೆ ಬೇರೆ ಹೇಳಬೇಕಾಗಿಲ್ಲ. 2025ರ ಮಾರ್ಚ್‌ನಲ್ಲಿ ಅದೇ ಕಂಪನಿ ದಿವಾಳಿ ಅರ್ಜಿ ಹಾಕಿತು.

ಇಷ್ಟೆಲ್ಲ ತೊಡಕಿನ ನಡುವೆಯೂ ಪರೀಕ್ಷೆ ತನ್ನ ಬೆಲೆಯನ್ನು ತೋರಿಸಿರುವುದು ನರಮೇಧದಲ್ಲಿ ಚದುರಿದ ಕುಟುಂಬಗಳ ವಿಷಯದಲ್ಲಿ. ಪೋಲೆಂಡಿನಲ್ಲಿ ಕ್ರೈಸ್ತ ಮನೆಗಳಲ್ಲಿ, ಕಾನ್ವೆಂಟುಗಳಲ್ಲಿ ಬಚ್ಚಿಟ್ಟು ಉಳಿಸಿದ ಮಕ್ಕಳಲ್ಲಿ ಕೆಲವರಿಗೆ ತಮ್ಮ ಹುಟ್ಟಿನ ಹೆಸರೇ ತಿಳಿಯದು. ಅಂಥವರಿಗೆ ಯಾವ ದಾಖಲೆಯೂ ದಾರಿ ತೋರಿಸದು. ನ್ಯೂಯಾರ್ಕಿನ ಸೆಂಟರ್ ಫಾರ್ ಜ್ಯೂಯಿಷ್ ಹಿಸ್ಟರಿ 2022ರಲ್ಲಿ ಆರಂಭಿಸಿದ ಡಿಎನ್‌ಎ ರೀಯೂನಿಯನ್ ಯೋಜನೆ ಬದುಕುಳಿದವರಿಗೂ ಅವರ ಮಕ್ಕಳಿಗೂ ಉಚಿತವಾಗಿ ಪರೀಕ್ಷೆಯ ಕಿಟ್ ಕೊಟ್ಟು, ಫಲಿತಾಂಶ ಓದಲು ತಜ್ಞರ ನೆರವನ್ನೂ ಒದಗಿಸುತ್ತದೆ. ಇಲ್ಲಿ ಕಾಲವೇ ಎದುರಾಳಿ. ಯುದ್ಧ ಮುಗಿದಾಗ ಮಕ್ಕಳಾಗಿದ್ದವರು ಈಗ ಎಂಬತ್ತು ದಾಟಿದ್ದಾರೆ. ಒಂದೊಂದು ತಲೆಮಾರಿಗೆ ಪೂರ್ವಜರ ಡಿಎನ್‌ಎ ಅರ್ಧಕ್ಕೆ ಇಳಿಯುತ್ತದೆ. ಅಜ್ಜಿಯಲ್ಲಿ ಸ್ಪಷ್ಟವಾಗಿ ಕಾಣುವ ನಂಟು ಮೊಮ್ಮಗಳ ಪಟ್ಟಿಯಲ್ಲಿ ಕಾಣದೇ ಹೋಗಬಹುದು. ಆದ್ದರಿಂದ ವಂಶ ಹುಡುಕಲು ಹೊರಟವರು ತಮ್ಮದಕ್ಕಿಂತ ಮೊದಲು ಮನೆಯ ಅತಿ ಹಿರಿಯರ ಪರೀಕ್ಷೆ ಮಾಡಿಸಬೇಕು, ಅದನ್ನು ಅವರಿಗೆ ತಿಳಿಯುವಂತೆ ವಿವರಿಸಿ, ಅವರ ಒಪ್ಪಿಗೆ ಪಡೆದೇ ಮಾಡಿಸಬೇಕು.