ವಕೀಲರ ಶುಲ್ಕ ಬಯಲಿಗೆ ಬಂದ ಬಗೆ

ಸಾಲ ತೀರಿಸಲಾಗದವನಿಗೆ ಕಾನೂನು ಆಸರೆಯಾಗಬೇಕೆಂಬ ವಿಚಾರ ಅಮೆರಿಕದಲ್ಲಿ ನಿಧಾನವಾಗಿ ಬೇರೂರಿತು. 1800ರ ಮೊದಲ ದಿವಾಳಿ ಕಾಯಿದೆ ಮೂರೇ ವರ್ಷಗಳಲ್ಲಿ ರದ್ದಾಯಿತು. ಸಾಲಗಾರ ತಾನಾಗಿಯೇ ನ್ಯಾಯಾಲಯದ ಮೊರೆ ಹೋಗಲು ಅವಕಾಶವಿತ್ತ 1841ರ ಕಾಯಿದೆಯೂ ಬಾಳಲಿಲ್ಲ. ಸ್ಥಿರವಾಗಿ ನಿಂತದ್ದು 1898ರ ಕಾಯಿದೆ. ಆದರೆ ನ್ಯಾಯಾಲಯಕ್ಕೆ ಹೋಗಲು ವಕೀಲರು ಬೇಕು. ದಿವಾಳಿಯಾದವನ ಬಳಿ ವಕೀಲರಿಗೆ ಕೊಡಲು ಹಣವೆಲ್ಲಿ? ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲವೆಂಬ ಗಾದೆ ಇಲ್ಲಿಗೆ ಒಪ್ಪುತ್ತದೆ.

ಶುಲ್ಕವೆಷ್ಟೆಂದು ತಿಳಿಯುವುದೇ ಕಷ್ಟವಾಗಿತ್ತು. ವಕೀಲರ ಸಂಘ 1908ರಲ್ಲಿ ರೂಪಿಸಿದ ನೀತಿಸಂಹಿತೆ ಜಾಹೀರಾತನ್ನು ಒಪ್ಪುತ್ತಿರಲಿಲ್ಲ. ಅನೇಕ ಕಡೆ ಸಂಘಗಳೇ ಕನಿಷ್ಠ ಶುಲ್ಕ ಗೊತ್ತುಪಡಿಸಿದ್ದವು. 1971ರಲ್ಲಿ ವರ್ಜೀನಿಯಾದ ಗೋಲ್ಡ್‌ಫಾರ್ಬ್ ದಂಪತಿ ಮನೆ ಕೊಳ್ಳುವಾಗ ಹಕ್ಕುಪತ್ರದ ಪರಿಶೀಲನೆಗಾಗಿ 36 ವಕೀಲರಿಗೆ ಪತ್ರ ಬರೆದರು. ಉತ್ತರಿಸಿದ 19 ಮಂದಿಯಲ್ಲಿ ಒಬ್ಬರೂ ಆ ದರಕ್ಕಿಂತ ಕಡಿಮೆಗೆ ಒಪ್ಪಲಿಲ್ಲ. 1975ರಲ್ಲಿ ಸುಪ್ರೀಂ ಕೋರ್ಟು ಇಂಥ ಕಟ್ಟುಪಾಡು ಸ್ಪರ್ಧಾ ಕಾನೂನಿಗೆ ವಿರುದ್ಧವೆಂದಿತು.

ಮರುವರ್ಷ, ಅರಿಜೋನಾದ ಫೀನಿಕ್ಸ್ ನಗರದಲ್ಲಿ ಜಾನ್ ಬೇಟ್ಸ್ ಮತ್ತು ವ್ಯಾನ್ ಓಸ್ಟೀನ್ ಎಂಬ ಯುವ ವಕೀಲರು ಪತ್ರಿಕೆಯಲ್ಲಿ ದರಪಟ್ಟಿಯನ್ನೇ ಪ್ರಕಟಿಸಿದರು. ಒಬ್ಬ ವ್ಯಕ್ತಿಯ ಸರಳ ದಿವಾಳಿ ಅರ್ಜಿಗೆ 250 ಡಾಲರ್ ಶುಲ್ಕ, 55 ಡಾಲರ್ ನ್ಯಾಯಾಲಯದ ಖರ್ಚು. ಸಂಘ ಶಿಸ್ತುಕ್ರಮ ಜರುಗಿಸಿತು. 1977ರಲ್ಲಿ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕರ ಬಹುಮತದಿಂದ ವಕೀಲರ ಪರ ತೀರ್ಪಿತ್ತಿತು. ಖರ್ಚಿನ ಭಯದಿಂದಲೇ ಮಧ್ಯಮ ವರ್ಗದವರು ವಕೀಲರ ಬಳಿ ಸುಳಿಯುತ್ತಿಲ್ಲವೆಂಬುದನ್ನು ನ್ಯಾಯಮೂರ್ತಿ ಬ್ಲ್ಯಾಕ್‌ಮನ್ ಎತ್ತಿ ತೋರಿಸಿದರು. ತೀರಾ ಬಡವರಿಗೆ ಉಚಿತ ನೆರವು ನೀಡುವ ಸಂಸ್ಥೆಗಳಿಗೆ ಹಣ ಒದಗಿಸಲು 1974ರಲ್ಲಿಯೇ ಕಾನೂನು ಸೇವಾ ನಿಗಮ ಸ್ಥಾಪನೆಯಾಗಿತ್ತು.

1978ರ ದಿವಾಳಿ ಸಂಹಿತೆ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಅರ್ಜಿ ದಾಖಲಾದೊಡನೆ ಮನೆಯ ಹರಾಜಿಗೆ ಸಾಮಾನ್ಯವಾಗಿ ತಡೆ ಬೀಳುತ್ತದೆ. 13ನೇ ಅಧ್ಯಾಯದ ಪ್ರಕಾರ ಬಾಕಿ ಕಂತುಗಳನ್ನು ಕೆಲವು ವರ್ಷಗಳಲ್ಲಿ ತೀರಿಸಿ ಮನೆ ಉಳಿಸಿಕೊಳ್ಳಬಹುದು. 7ನೇ ಅಧ್ಯಾಯ ಸಾಲಗಾರನನ್ನು ಹೊಣೆಯಿಂದ ಬಿಡಿಸಿದರೂ ಮನೆಯ ಮೇಲಿನ ಅಡಮಾನದ ಹಕ್ಕು ಉಳಿಯುತ್ತದೆ. ವಕೀಲರು ತಮ್ಮ ಶುಲ್ಕವನ್ನು ನ್ಯಾಯಾಲಯಕ್ಕೆ ತಿಳಿಸಲೇಬೇಕು. ಅತಿಯೆನಿಸಿದರೆ ನ್ಯಾಯಾಲಯ ಅದನ್ನು ಹಿಂದಿರುಗಿಸಲು ಆಜ್ಞಾಪಿಸಬಹುದು. 2005ರ ತಿದ್ದುಪಡಿ ಆದಾಯ ಪರೀಕ್ಷೆಯನ್ನೂ ಸಾಲ ಸಲಹೆಯನ್ನೂ ಕಡ್ಡಾಯಗೊಳಿಸಿತು. ವಕೀಲರ ಕೆಲಸ ಹೆಚ್ಚಿತು, ಖರ್ಚೂ ಏರಿತು. ಮೂರೇ ವರ್ಷಗಳಲ್ಲಿ, 2008ರ ಆರ್ಥಿಕ ಕುಸಿತದಲ್ಲಿ, ಅಸಂಖ್ಯ ಮನೆಗಳು ಹರಾಜಿಗೆ ಬಂದವು.

ಅಗ್ಗವೆಂಬ ಒಂದೇ ಕಾರಣಕ್ಕೆ ವಕೀಲರನ್ನು ಆರಿಸಬಾರದೆಂದು ಈ ಇತಿಹಾಸ ತಿಳಿಸುತ್ತದೆ. ಒಟ್ಟು ಶುಲ್ಕವೆಷ್ಟು, ಅದರಲ್ಲಿ ಯಾವ ಕೆಲಸ ಸೇರಿದೆ, ಯಾವ ಅಧ್ಯಾಯ, ಏಕೆ ಎಂಬುದನ್ನು ಬರವಣಿಗೆಯಲ್ಲಿ ಕೊಡುವವರು ನಂಬಿಕೆಗೆ ಅರ್ಹರು. ಈ ದಾರಿಯಿಂದ ಮನೆ ಉಳಿಯದು ಎಂದು ಮುಖಕ್ಕೇ ಹೇಳಬಲ್ಲವರು ಇನ್ನೂ ಹೆಚ್ಚು ಅರ್ಹರು. ಅದನ್ನೂ ಹರಾಜಿಗೆ ಮೊದಲೇ ಕೇಳಬೇಕು. ಹರಾಜು ಮುಗಿದ ಮೇಲೆ ಬಾಕಿ ತೀರಿಸಿ ಮನೆ ಉಳಿಸಿಕೊಳ್ಳುವ ಅವಕಾಶ ಬಹುಮಟ್ಟಿಗೆ ಕೈತಪ್ಪುತ್ತದೆ.

ನಮ್ಮ ದೇಶದಲ್ಲಿ ವಕೀಲರು ಜಾಹೀರಾತು ನೀಡುವಂತಿಲ್ಲ. ಆದರೆ ಶುಲ್ಕವೆಷ್ಟೆಂದು ಮೊದಲೇ ಕೇಳಲು ಇಲ್ಲಿಯೂ ಯಾವ ಕಾನೂನೂ ಅಡ್ಡಬಂದಿಲ್ಲ.