ಹಸಿರು ಜಮಖಾನೆಯ ಅಡಿಯಲ್ಲಿ

ಪುಣೆಯಲ್ಲಿ ನಾವಿರುವ ಕಾಲೋನಿಯ ಹಿಂದೆ ಮಕ್ಕಳು ಆಡುವ ಒಂದು ಅಂಗಳವಿದೆ. ಅಪ್ಪಟ ಎರೆಮಣ್ಣಿನ ನೆಲ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುವುದು, ಮಳೆಗಾಲದಲ್ಲಿ ಕಾಲಿನ ಚಪ್ಪಲಿಯನ್ನೇ ಕಿತ್ತುಕೊಳ್ಳುವುದು ಅದರ ಸ್ವಭಾವ. ಎರಡು ವರ್ಷಗಳ ಹಿಂದೆ ಅಲ್ಲಿ ಕೃತಕ ಹುಲ್ಲುಹಾಸು ಹಾಕಿಸಿದೆವು. ಬಂದ ಮೂರು ದರಪಟ್ಟಿಗಳಲ್ಲಿ ಎಲ್ಲಕ್ಕಿಂತ ಕಡಿಮೆಯದಕ್ಕೆ ಶಿಫಾರಸು ಬರೆದವರು ನಾವೇ. ಕಚೇರಿಯ ಅಭ್ಯಾಸ ಮನೆಯವರೆಗೂ ಹಿಂಬಾಲಿಸುತ್ತದೆ. ನೆಲ ಸಮಮಾಡಿ, ಒಂದಿಷ್ಟು ಮರಳು ಚೆಲ್ಲಿ, ಹಾಸನ್ನು ಬಿಡಿಸಿ, ಮೂರೇ ದಿನಗಳಲ್ಲಿ ಕೆಲಸ ಮುಗಿಯಿತು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದಾಗ ನೆರೆಮನೆಯ ನವಲಗುಂದದ ಅಜ್ಜ ಮಾತ್ರ ಕೇಳಿದರು: "ತಮ್ಮಾ, ಎರಿ ನೆಲದ ಮ್ಯಾಲ ಜಮಖಾನಿ ಹಾಸೀರಿ, ಛಲೋ ಕಾಣತೈತಿ. ಮಳಿ ನೀರು ಎಲ್ಲಿ ಹೋಗಬೇಕು?"

ಜುಲೈ ತಿಂಗಳು ಆ ಪ್ರಶ್ನೆಗೆ ಉತ್ತರ ಕೊಟ್ಟಿತು. ಹಾಸಿನ ತೂತುಗಳಿಂದ ಇಳಿದ ನೀರು ಕೆಳಗೇ ನಿಂತಿತು. ನೆಲ ಅಲ್ಲಲ್ಲಿ ಉಬ್ಬಿತು, ವಾಸನೆ ಬಂತು. ಬೇಸಿಗೆಯಲ್ಲಿ ಅದೇ ನೆಲ ಕುಗ್ಗಿ ಹಾಸಿನ ಜೋಡಣೆ ಬಿಟ್ಟುಕೊಂಡಿತು. ಆ ಸಂದಿನಲ್ಲಿ ಕಾಲು ಸಿಕ್ಕಿ ಒಬ್ಬ ಹುಡುಗಿಯ ಹಿಮ್ಮಡಿ ಉಳುಕಿತು. ತಪ್ಪು ಎಲ್ಲಿ ಆಯಿತೆಂದು ತಿಳಿಯುವ ಹಟದಿಂದ ನಾವು ಈ ಹಾಸಿನ ಪೂರ್ವೇತಿಹಾಸವನ್ನು ಓದತೊಡಗಿದೆವು.

ಈ ಹುಲ್ಲು ಹುಟ್ಟಿದ್ದು ಅಮೆರಿಕದಲ್ಲಿ. ಪಟ್ಟಣದ ಮಕ್ಕಳಿಗೆ ಆಡಲು ನೆಲವಿಲ್ಲವೆಂಬ ಕಳವಳದಿಂದ ಫೋರ್ಡ್ ಪ್ರತಿಷ್ಠಾನದ ನೆರವಿನ ಸಂಸ್ಥೆಯೊಂದು ಇಂಥ ಹಾಸಿಗೆ ಪ್ರೋತ್ಸಾಹ ಕೊಟ್ಟಿತು. ಮಾನ್ಸಾಂಟೊ ಕಂಪನಿ ನೈಲಾನಿನಿಂದ ತಯಾರಿಸಿದ ಹಾಸನ್ನು 1964ರಲ್ಲಿ ರೋಡ್ ಐಲೆಂಡ್ ರಾಜ್ಯದ ಮೋಸೆಸ್ ಬ್ರೌನ್ ಶಾಲೆಯಲ್ಲಿ ಹಾಸಲಾಯಿತು. ಹೆಸರು ಬಂದದ್ದು ಮಾತ್ರ ಹ್ಯೂಸ್ಟನ್ ನಗರದಿಂದ. ಅಲ್ಲಿ 1965ರಲ್ಲಿ ತೆರೆದ ಆಸ್ಟ್ರೋಡೋಮ್ ಎಂಬ ಭಾರಿ ಕ್ರೀಡಾಂಗಣಕ್ಕೆ ಪಾರದರ್ಶಕ ಮಾಡು. ಬಿಸಿಲಿನ ಝಳಪಿಗೆ ಮೇಲೆ ಹಾರಿದ ಚೆಂಡು ಆಟಗಾರರ ಕಣ್ಣಿಗೆ ಕಾಣಲಿಲ್ಲ. ಮಾಡಿಗೆ ಬಣ್ಣ ಬಳಿದರು. ಬೆಳಕಿಲ್ಲದೆ ಕೆಳಗಿನ ಹುಲ್ಲು ಸತ್ತಿತು. 1966ರಲ್ಲಿ ಕೃತಕ ಹಾಸು ಬಂತು, ಆಸ್ಟ್ರೋ ಟರ್ಫ್ ಎನಿಸಿಕೊಂಡಿತು. ಹ್ಯೂಸ್ಟನ್ ಸೀಮೆಯ ಮಣ್ಣೂ ನಮ್ಮ ಎರೆಯಂತೆ ಹಿಗ್ಗಿ ಕುಗ್ಗುವ ಜಿಗುಟು ಜೇಡಿಯೇ. ಆದರೆ ಮಾಡಿನ ಕೆಳಗೆ ಮಳೆ ಬೀಳುವುದಿಲ್ಲವಲ್ಲ! ಜಗತ್ತು ಮೆಚ್ಚಿದ ಹಾಸಿಗೆ ಮಳೆನೀರಿನ ಪರೀಕ್ಷೆಯೇ ಇರಲಿಲ್ಲ. ಮರುವರ್ಷ ಇಂಡಿಯಾನ ರಾಜ್ಯದಲ್ಲಿ ಬಯಲು ಕ್ರೀಡಾಂಗಣಕ್ಕೂ ಅದು ಇಳಿಯಿತು. ಬಯಲಲ್ಲಿ ಹಾಸುವಾಗ ಅಡಿಗೆ ಡಾಂಬರಿನ ಗಟ್ಟಿ ನೆಲೆ ಕಟ್ಟಿ, ನಡುವನ್ನು ಎತ್ತರಿಸಿ, ನೀರನ್ನು ಅಂಚಿಗೆ ಹರಿಸುವುದು ಆ ಕಾಲದ ರೂಢಿಯಾಯಿತು.

ಭಾರತೀಯರಿಗೆ ಈ ಹಾಸು ಕಹಿ ನೆನಪು. 1975ರ ಮಾರ್ಚಿನಲ್ಲಿ ಕೌಲಾಲಂಪುರದ ನಿಜವಾದ ಹುಲ್ಲಿನ ಮೇಲೆ ಪಾಕಿಸ್ತಾನವನ್ನು 2-1ರಿಂದ ಸೋಲಿಸಿ ಹಾಕಿ ವಿಶ್ವಕಪ್ ಗೆದ್ದೆವು. ನಮ್ಮ ಕೊಡಗಿನ ಬಿ.ಪಿ. ಗೋವಿಂದ ಆ ತಂಡದಲ್ಲಿದ್ದರು. ಆ ಪಂದ್ಯಾವಳಿಗೆ ಮಳೆ ಕೊಟ್ಟ ಕಾಟ ಕಡಿಮೆಯದಲ್ಲ. ನೀರು ನಿಲ್ಲದ ನೆಲ ಬೇಕೆಂದು ಸಂಘಟಕರಿಗೆ ಅನಿಸಿದ್ದರೆ ಆಶ್ಚರ್ಯವಿಲ್ಲ. 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಹಾಕಿ ಮೊದಲ ಬಾರಿಗೆ ಕೃತಕ ಹಾಸಿನ ಮೇಲೆ ನಡೆಯಿತು. ಚಿನ್ನ ನ್ಯೂಜಿಲೆಂಡಿಗೆ, ನಮಗೆ ಏಳನೆಯ ಸ್ಥಾನ. ತಪ್ಪೆಲ್ಲ ಹಾಸಿನದೇ ಎಂದು ದೂರುವವರನ್ನು ನಾವು ಪೂರ್ತಿ ಒಪ್ಪೆವು. ಅಂಥ ನೆಲದಲ್ಲಿ ಅಭ್ಯಾಸಕ್ಕೆ ನಮ್ಮ ಹುಡುಗರಿಗೆ ಅವಕಾಶ ಸಾಲದಿದ್ದುದೂ ಅಷ್ಟೇ ದೊಡ್ಡ ಕಾರಣ.

ಹಾಸಿನ ಚರಿತ್ರೆ ಅರವತ್ತು ವರ್ಷದ್ದು. ಅದರ ಅಡಿಯಲ್ಲಿರಬೇಕಾದ ಏರ್ಪಾಟಿನ ಚರಿತ್ರೆ ಅದಕ್ಕಿಂತ ಬಹಳ ಹಳೆಯದು, ಮತ್ತು ಅದನ್ನು ಬರೆದವರು ರೈತರು. ಸ್ಕಾಟ್ಲೆಂಡಿನ ಡೀನ್‌ಸ್ಟನ್‌ನಲ್ಲಿ ಹತ್ತಿ ಗಿರಣಿಯ ವ್ಯವಸ್ಥಾಪಕನಾಗಿದ್ದ ಜೇಮ್ಸ್ ಸ್ಮಿತ್ ತನ್ನ ಜೌಗು ಹೊಲದ ಉದ್ದಕ್ಕೂ ಸಾಲಾಗಿ ಕಾಲುವೆ ತೋಡಿ, ಕಲ್ಲು ತುಂಬಿ, ಮಣ್ಣು ಮುಚ್ಚಿದ. 1831ರಲ್ಲಿ ಆ ಕ್ರಮವನ್ನು ಪುಸ್ತಕವಾಗಿ ಪ್ರಕಟಿಸಿದ. ಅದೇ ನಾಡಿನಿಂದ ಅಮೆರಿಕಕ್ಕೆ ಹೋದ ಜಾನ್ ಜಾನ್ಸ್‌ಟನ್, ನ್ಯೂಯಾರ್ಕ್ ರಾಜ್ಯದ ಜಿನೀವಾ ಊರಿನ ಬಳಿಯ ತನ್ನ ಜೇಡಿಮಣ್ಣಿನ ಹೊಲದಲ್ಲಿ 1838ರಲ್ಲಿ ಸುಟ್ಟ ಮಣ್ಣಿನ ಕೊಳವೆಗಳನ್ನು ಹೂಳಿದ. ಮಡಕೆ ಕುಡಿಕೆ ಹೂಳುತ್ತಿದ್ದಾನೆಂದು ನೆರೆಯವರು ನಕ್ಕರಂತೆ. ಗೋದಿಯ ಬೆಳೆ ಏರಿದ ಮೇಲೆ ನಗುವುದನ್ನು ಬಿಟ್ಟರು. ಇಂದಿಗೂ ಎಂಜಿನಿಯರುಗಳು ಬಳಸುವ "ಫ್ರೆಂಚ್ ಡ್ರೇನ್" ಎಂಬ ಮಾತಿಗೂ ಫ್ರಾನ್ಸಿಗೂ ಸಂಬಂಧವಿಲ್ಲ. 1859ರಲ್ಲಿ ಹೊಲದ ನೀರು ಬಸಿಯುವುದರ ಬಗ್ಗೆ ಗ್ರಂಥ ಬರೆದ ಹೆನ್ರಿ ಫ್ಲಾಗ್ ಫ್ರೆಂಚ್ ಎಂಬ ಅಮೆರಿಕದ ವಕೀಲನ ಹೆಸರು ಅದು. ಮುಂದೆ ಆತ ಸರ್ಕಾರದ ಖಜಾನೆ ಇಲಾಖೆಯಲ್ಲಿ ಅಧಿಕಾರಿಯಾದ. ಕಡತ ನೋಡುವವರೂ ಮಣ್ಣು ನೋಡಬಲ್ಲರೆಂದು ನಮಗೆ ಒಳಗೊಳಗೇ ಸಂತೋಷವಾಯಿತು.

ಜೇಡಿಯ ಕಣ 0.002 ಮಿಲಿಮೀಟರಿಗಿಂತ ಸಣ್ಣದು. ಎರೆಮಣ್ಣಿನಲ್ಲಿ ಹೇರಳವಾಗಿರುವ ಮಾಂಟ್‌ಮೊರಿಲೊನೈಟ್ ಎಂಬ ಖನಿಜದ ಪದರಗಳ ನಡುವೆ ನೀರು ನುಗ್ಗಿ ಅದು ಹಿಗ್ಗುತ್ತದೆ. ಮೊದಲ ಮಳೆಯನ್ನು ಬಿರುಕುಗಳು ಕುಡಿಯುತ್ತವೆ. ಆಮೇಲೆ ಬಿರುಕು ಮುಚ್ಚಿ ನೆಲ ಬಾಯಿ ಬಿಗಿಯುತ್ತದೆ. ಆದ್ದರಿಂದ ನೀರನ್ನು ಕೆಳಕ್ಕೆ ಇಂಗಿಸುವ ಆಸೆ ಬಿಟ್ಟು ಪಕ್ಕಕ್ಕೆ ಸಾಗಿಸಬೇಕು. ನೆಲ ಒಣಗಿರುವಾಗ ಅರ್ಧ ಅಡಿಯಾದರೂ ಮಣ್ಣು ತೆಗೆದು, ನೂರಡಿಗೆ ಒಂದಡಿಯಂತೆ ವಾಟ ಕೊಡಬೇಕು. ಜೇಡಿ ಮೇಲೇರಿ ಜಲ್ಲಿಯೊಳಗೆ ಸೇರದಂತೆ, ರಸ್ತೆ ಕೆಲಸದಲ್ಲಿ ಬಳಸುವ ಸೋಸು ಬಟ್ಟೆಯನ್ನು ಹಾಸಬೇಕು. ತಗ್ಗಿನ ಅಂಚಿನ ಕಾಲುವೆಯಲ್ಲಿ ತೂತುಳ್ಳ ಪೈಪು, ಅದರ ಸುತ್ತ ಜಲ್ಲಿ. ಅಂಗಳದ ತುಂಬ ಜಲ್ಲಿ ಹರಡಿ ಧಮ್ಮಸ್ಸು ಮಾಡಿ, ಮೇಲೆ ಸಣ್ಣ ಪುಡಿಜಲ್ಲಿ. ಹಸಿರು ಹಾಸು ಕಟ್ಟಕಡೆಗೆ. ನಾವು ತಿರಸ್ಕರಿಸಿದ್ದ ಅತಿ ದುಬಾರಿ ದರಪಟ್ಟಿಯಲ್ಲಿ ಇವೆಲ್ಲ ಒಂದೊಂದಾಗಿ ನಮೂದಾಗಿದ್ದವು. ಕಡತ ತೆರೆದು ಮತ್ತೆ ಓದಿದಾಗ ನಾಚಿಕೆಯಾಯಿತು.

ಸಮಿತಿಯ ಸಭೆಯಲ್ಲಿ ತಪ್ಪನ್ನು ಒಪ್ಪಿಕೊಂಡೆವು. ಬರುವ ಏಪ್ರಿಲ್ ತಿಂಗಳಲ್ಲಿ ಹಾಸನ್ನು ಎತ್ತಿ, ಅಡಿಪಾಯ ಮಾಡಿಸಿ, ಹರಿಯದಿರುವ ಭಾಗವನ್ನೇ ಮತ್ತೆ ಹಾಸುವುದೆಂದು ತೀರ್ಮಾನವಾಗಿದೆ. ಪೈಪಿನ ಬಾಯಿಯನ್ನು ಎಲ್ಲಿ ಬಿಡುವುದೆಂಬುದು ಇನ್ನೂ ಇತ್ಯರ್ಥವಾಗಬೇಕು. ಪಕ್ಕದವರ ಗೋಡೆಯತ್ತ ಬಿಡುವಂತಿಲ್ಲ; ರಸ್ತೆಯ ಮಳೆನೀರಿನ ಗಟಾರ ನಮ್ಮ ಅಂಗಳಕ್ಕಿಂತ ಎಷ್ಟು ತಗ್ಗಿನಲ್ಲಿದೆಯೆಂದು ಕಳೆದ ಭಾನುವಾರ ಅಜ್ಜನೊಂದಿಗೆ ದಾರ ಹಿಡಿದು ಅಳೆದೆವು. ಹದಿನಾಲ್ಕು ಅಂಗುಲ ಬಂತು.