ಪಾಚಿಯ ಸಾರ ಮೆದುಳನ್ನು ಕಾಯಬಲ್ಲದೇ?

ಸೂಕ್ಷ್ಮಪಾಚಿಗಳಲ್ಲಿ ನರಕೋಶಕ್ಕೆ ರಕ್ಷಣೆ ಹುಡುಕುವ ಕೆಲಸಕ್ಕೆ ಕಾಲು ಶತಮಾನ ತುಂಬಿದೆ. 1999ರಲ್ಲಿ ಕ್ಯೂಬಾ ಮತ್ತು ಸ್ಪೇನಿನ ಸಂಶೋಧಕರು ಸ್ಪಿರುಲಿನಾ ಎಂಬ ನೀಲಿಹಸಿರು ಪಾಚಿಯ ನೀಲಿ ಪ್ರೋಟೀನಾದ ಫೈಕೊಸಯನಿನ್ನನ್ನು ಇಲಿಗಳಿಗೆ ಕೊಟ್ಟು ನೋಡಿದರು. ನರಕೋಶಗಳನ್ನು ಕೊಲ್ಲುವ ಕೈನಿಕ್ ಆಮ್ಲದಿಂದ ಅವುಗಳ ಮೆದುಳಿಗೆ ಆಗುವ ಹಾನಿ ಇಳಿದಿತ್ತು. ಆ ಕೈನಿಕ್ ಆಮ್ಲವೂ ಮೊದಲು ಸಿಕ್ಕಿದ್ದು ಒಂದು ಕೆಂಪು ಕಡಲಕಳೆಯಲ್ಲಿ!

ಆದರೆ ಹೊಟ್ಟೆಯಲ್ಲಿ ಜೀರ್ಣವಾಗುವ ಪ್ರೋಟೀನು ಮೆದುಳಿಗೆ ನೆರವಾಗುವುದು ಹೇಗೆ? ಫೈಕೊಸಯನಿನ್ ಒಡೆದಾಗ ಬಿಡುಗಡೆಯಾಗುವ ಬಣ್ಣದ ಭಾಗ ನಮ್ಮ ದೇಹದ ಬಿಲಿರುಬಿನ್ನನ್ನು ಹೋಲುತ್ತದೆ. ಕೋಶದೊಳಗೆ ಹಾನಿಕಾರಕ ಆಮ್ಲಜನಕ ಕಣಗಳನ್ನು ಹುಟ್ಟಿಸುವ ಕಿಣ್ವವೊಂದನ್ನು ಬಿಲಿರುಬಿನ್ ತಡೆಯುತ್ತದೆ. ಈ ಬಣ್ಣವೂ ಅದನ್ನೇ ಮಾಡುತ್ತದೆ ಎಂಬುದು ಪ್ರಬಲ ವಾದ. ಆಲ್ಝೈಮರ್ಸ್ ಮತ್ತು ಪಾರ್ಕಿನ್ಸನ್ ಎರಡರಲ್ಲೂ ಆ ಕಣಗಳ ದಾಳಿ ಹಾಗೂ ಉರಿಯೂತ ಕಾಣುವುದರಿಂದ ಸಂಶೋಧಕರ ಆಸಕ್ತಿ ಬೆಳೆಯಿತು. 2005ರಲ್ಲಿ ಅಮೆರಿಕದಲ್ಲಿ ಸ್ಪಿರುಲಿನಾ ತಿಂದ ಇಲಿಗಳಲ್ಲಿ ಪಾರ್ಶ್ವವಾಯುವಿನಿಂದಾದ ಮೆದುಳಿನ ಹಾನಿ ಕಡಿಮೆ ಕಂಡಿತು. 2012ರಲ್ಲಿ ಪಾರ್ಕಿನ್ಸನ್ ಮಾದರಿಯ ಇಲಿಗಳಲ್ಲೂ ರಕ್ಷಣೆ ಕಂಡಿತು.

ಅದೇ 2012ರಲ್ಲಿ ಜಪಾನಿನಲ್ಲಿ ಹೆಮಟೊಕಾಕಸ್ ಪಾಚಿಯ ಸಾರವನ್ನು ಮನುಷ್ಯರ ಮೇಲೆ ಪರೀಕ್ಷಿಸಿದ ವರದಿ ಬಂತು. ಬಿಸಿಲು ಹೆಚ್ಚಿ ಪೋಷಕಾಂಶ ಕಡಿಮೆಯಾದರೆ ಕೆಂಪಾಗುವ ಹಸಿರು ಪಾಚಿ ಇದು. ಕೆಂಪಿಗೆ ಕಾರಣ ಅಸ್ಟಾಕ್ಸಾಂಥಿನ್ ಎಂಬ ವರ್ಣದ್ರವ್ಯ. ಮರೆವು ಹೆಚ್ಚಿತೆಂದು ಹೇಳಿಕೊಂಡ 96 ಆರೋಗ್ಯವಂತರು 12 ವಾರ ಭಾಗವಹಿಸಿದರು. ಸಾರ ಸೇವಿಸಿದವರ ಅಂಕಗಳು ಒಂದು ಪರೀಕ್ಷೆಯಲ್ಲಿ ಬೇಗ ಸುಧಾರಿಸಿದವು. ಫಲಿತಾಂಶ ಚಿಕ್ಕದು, ರೋಗಿಗಳದ್ದಂತೂ ಅಲ್ಲ.

ಇಡೀ ಕ್ಷೇತ್ರಕ್ಕೆ ಪಾಠ ಕಲಿಸಿದ್ದು 2010. ಮೀನೆಣ್ಣೆಯಲ್ಲಿರುವ ಡಿಎಚ್‌ಎ ಎಂಬ ಕೊಬ್ಬಿನಾಮ್ಲವನ್ನು ಕಡಲಿನಲ್ಲಿ ಮೊದಲು ತಯಾರಿಸುವುದು ಸೂಕ್ಷ್ಮಜೀವಿಗಳೇ. ಹಾಗಾಗಿ ಪಾಚಿಯನ್ನೇ ಬೆಳೆಸಿ ಅದನ್ನು ತೆಗೆಯಬಹುದು. ವಯಸ್ಸಿನ ಮರೆವಿದ್ದ, ಕಾಯಿಲೆಯಿಲ್ಲದ 485 ಹಿರಿಯರ ಪ್ರಯೋಗವೊಂದರಲ್ಲಿ ದಿನಕ್ಕೆ 900 ಮಿಲಿಗ್ರಾಂನಂತೆ 24 ವಾರ ಡಿಎಚ್‌ಎ ಪಡೆದವರಿಗೆ ಕಲಿಕೆಯ ಪರೀಕ್ಷೆಯಲ್ಲಿ ಲಾಭ ಕಂಡಿತು. ಆದರೆ ಆಲ್ಝೈಮರ್ಸ್ ಆಗಲೇ ತಗುಲಿದ್ದ 402 ಜನರ ಪ್ರಯೋಗದಲ್ಲಿ ದಿನಕ್ಕೆ 2 ಗ್ರಾಂನಂತೆ 18 ತಿಂಗಳು ಅದನ್ನು ಪಡೆದವರಲ್ಲೂ ಕಾಯಿಲೆಯ ಓಟ ನಿಧಾನವಾಗಲಿಲ್ಲ. ಒಂದೇ ವರ್ಷದ ಈ ಎರಡು ಉತ್ತರಗಳನ್ನು ಜೊತೆಗಿಟ್ಟು ಓದಬೇಕು: ಕೋಶಗಳು ಸತ್ತ ಮೇಲೆ ರಕ್ಷಕ ಬಂದರೆ ಪ್ರಯೋಜನ ಕಾಣುವುದು ಕಷ್ಟ.

ಇನ್ನೊಂದು ಎಚ್ಚರಿಕೆ ಗುವಾಮ್ ದ್ವೀಪದಿಂದ ಬಂತು. ಅಲ್ಲಿನ ಚಮೋರೊ ಜನರಲ್ಲಿ ವಿಪರೀತವಾಗಿದ್ದ ನರರೋಗಕ್ಕೆ ಬಿಎಂಎಎ ಎಂಬ ವಿಷ ಕಾರಣವಿರಬಹುದೆಂದು ಸಸ್ಯವಿಜ್ಞಾನಿ ಪಾಲ್ ಕಾಕ್ಸ್ ಮತ್ತು ನರವೈದ್ಯ ಆಲಿವರ್ ಸಾಕ್ಸ್ 2002ರಲ್ಲಿ ಸೂಚಿಸಿದರು. 2005ರಲ್ಲಿ ಕಾಕ್ಸ್ ತಂಡ ಹಲವು ಬಗೆಯ ನೀಲಿಹಸಿರು ಪಾಚಿಗಳಲ್ಲಿ ಆ ವಿಷವಿದೆ ಎಂದು ವರದಿ ಮಾಡಿತು. ಅದರ ಪಾತ್ರದ ಬಗ್ಗೆ ಇಂದಿಗೂ ವಿವಾದವಿದೆ. ಆದರೂ ಸ್ಪಿರುಲಿನಾ ಈ ದೊಡ್ಡ ಕುಟುಂಬಕ್ಕೇ ಸೇರಿದ್ದರಿಂದ ಯಾವ ಪ್ರಭೇದ, ಯಾವ ನೀರು, ಯಾವ ಶುದ್ಧತೆ ಎಂದು ಕೇಳದೆ 'ಪಾಚಿ ಒಳ್ಳೆಯದು' ಎನ್ನುವುದು ವಿಜ್ಞಾನವಲ್ಲ.

ನಮ್ಮಲ್ಲಿ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ 1970ರ ದಶಕದಿಂದ ಪಾಚಿಗಳನ್ನು ಬೆಳೆಸುತ್ತ ಬಂದಿದೆ, ಎಲ್.ವಿ. ವೆಂಕಟರಾಮನ್ ಅವರ ಸ್ಪಿರುಲಿನಾ ಕೆಲಸದ ನಂತರ ಹೆಮಟೊಕಾಕಸ್ ಮೇಲೂ ಅಲ್ಲಿ ಗಂಭೀರ ಅಧ್ಯಯನ ನಡೆಯಿತು. ನರರೋಗಿಗಳನ್ನು ನೋಡುವ ನಿಮ್ಹಾನ್ಸ್ ಬೆಂಗಳೂರಿನಲ್ಲಿದೆ. ದೇಶದ 60 ದಾಟಿದವರಲ್ಲಿ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆಯೆಂಬುದು 2023ರಲ್ಲಿ ಪ್ರಕಟವಾದ ಅಂದಾಜು. ಕಾಯಿಲೆ ಕಾಲಿಡುವ ಮುನ್ನವೇ ಶುರುವಾಗಿ ವರ್ಷಗಟ್ಟಲೆ ಸಾಗುವ, ಸಾರದ ಪ್ರಮಾಣ ಖಚಿತವಿರುವ ಪರೀಕ್ಷೆಯೊಂದನ್ನು ಈ ಎರಡು ಸಂಸ್ಥೆಗಳು ಸೇರಿ ನಡೆಸಲಿ. ಅಲ್ಲಿಯವರೆಗೆ ಮನೆಯ ಹಿರಿಯರಿಗೆ ವೈದ್ಯರು ಕೊಟ್ಟ ಮಾತ್ರೆ ನಿಲ್ಲಿಸಿ ಪಾಚಿಯ ಪುಡಿ ಕೊಡಬೇಡಿ.